ಮಸರಕಲ್ಲಿನ ಮೂರು ತಾಸು

ಮಸರಕಲ್ಲಿನ ಯಂತ್ರ ದಿನಕ್ಕೆ ಮೂರು ತಾಸು ಬಾಯಿ ಮುಚ್ಚಿಕೊಂಡಿರುತ್ತಿತ್ತು. ಉಳಿದ ಇಪ್ಪತ್ತೊಂದು ತಾಸು ಅದರ ನಡತೆ ಬಂಗಾರದಂಥದ್ದು. ತಾಸಿಗೊಮ್ಮೆ ಮಳೆ ಎಷ್ಟು ಬಿತ್ತು, ಸೆಕೆ ಎಷ್ಟಿದೆ, ಗಾಳಿ ಯಾವ ದಿಕ್ಕಿನದು ಎಂದು ಆಕಾಶದಲ್ಲಿದ್ದ ಉಪಗ್ರಹಕ್ಕೆ ಹೇಳುತ್ತಿತ್ತು. ಉಪಗ್ರಹ ಕೇಳಿದ್ದನ್ನು ಹಾಗೆಯೇ ಕೆಳಗೆ, ದೂರದ ಊರಿನ ದೊಡ್ಡ ಡಿಶ್ಶಿಗೆ ದಾಟಿಸುತ್ತಿತ್ತು. ಅಲ್ಲಿಂದ ಅದು ರಾಯಚೂರಿನ ಕಚೇರಿಗೆ, ಕಿಟಕಿಯ ಪಕ್ಕದಲ್ಲಿ ಕೂತ ಸುಜಾತಾಳ ಪರದೆಗೆ ಬಂದು ಬೀಳುತ್ತಿತ್ತು.

ಸುಜಾತಾಳದು ಎಲ್ಲವನ್ನೂ ಎರಡು ಸಲ ನೋಡುವ ಸ್ವಭಾವ. ಮನೆಗೆ ಬೀಗ ಹಾಕಿ ಗೇಟಿನ ತನಕ ಬಂದವಳು ಹಿಂದೆ ಹೋಗಿ ಬೀಗ ಜಗ್ಗಿ ನೋಡುವಳು. ಒಲೆಯ ಮೇಲೆ ಹಾಲಿದ್ದರೆ ಅಡುಗೆಮನೆ ಬಿಟ್ಟು ಕದಲಳು. ಅವಳ ಗಂಡ ಅನಿಲಕುಮಾರ, ಹೈಸ್ಕೂಲು ಮಾಸ್ತರ, "ನಿನ್ನ ಕೈಯಾಗ ಕೊಟ್ರ ಸೂರ್ಯಗೂ ಹಾಜರಿ ಹಾಕ್ತಿ ನೋಡು" ಎಂದು ನಗುವನು. ಆ ಸ್ವಭಾವಕ್ಕೆ ಒಪ್ಪುವ ಕೆಲಸವೇ ಅವಳಿಗೆ ಸಿಕ್ಕಿತ್ತು. ಮಾನ್ವಿ, ದೇವದುರ್ಗ ಎರಡು ತಾಲೂಕುಗಳಲ್ಲಿ ನೆಟ್ಟ ಇಪ್ಪತ್ತು ಮಳೆಯಂತ್ರಗಳು ಕಳಿಸಿದ ಸಾಲುಗಳನ್ನು ದಿನಾ ಬೆಳಿಗ್ಗೆ ನೋಡಿ, ಎಲ್ಲಿ ಏನು ತಪ್ಪಿದೆ ಎಂದು ಬರೆದಿಡುವುದು. ಹದಿನೇಳು ವರ್ಷದಿಂದ ಅದೇ ಕೆಲಸ. ಯಂತ್ರಗಳನ್ನು ನೆಟ್ಟವರಲ್ಲಿ ಅವಳೂ ಒಬ್ಬಳು.

ನವೆಂಬರಿನ ಮೊದಲ ವಾರ ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು. ಹಳೆಯ ಉಪಗ್ರಹಕ್ಕೆ ವಯಸ್ಸಾಗಿದೆ; ವರ್ಷದ ಕೊನೆಗೆ ಅದನ್ನು ಇನ್ನೂ ಮೇಲಕ್ಕೆ ತಳ್ಳಿ ಸುಮ್ಮನಾಗಿಸುತ್ತಾರೆ. ಅದೇ ಜಾಗಕ್ಕೆ ಹೊಸದು ಬಂದು ಕೂತಿದೆ. ನೂರಕ್ಕೆ ತೊಂಬತ್ತೈದು ಸಾಲು ಸರಿಯಾಗಿ ಕಳಿಸುವ ಕೇಂದ್ರಗಳನ್ನು ಮಾತ್ರ ಹೊಸದಕ್ಕೆ ಸೇರಿಸಿಕೊಳ್ಳಲಾಗುವುದು, ಉಳಿದವನ್ನು ಕಿತ್ತುಹಾಕಲಾಗುವುದು. ಇಷ್ಟರ ಕೆಳಗೆ ಇನ್ನೊಂದು ಸಾಲು: "ಮಸರಕಲ್ ಕೇಂದ್ರದ ಕಾವಲುಗಾರ ಹುಲಿಗೆಪ್ಪ ಎಂಬಾತನು ಯಂತ್ರದ ಬ್ಯಾಟರಿಯನ್ನು ಸ್ವಂತಕ್ಕೆ ಬಳಸುತ್ತಿರುವುದರಿಂದ ಕೂಡಲೇ ಆತನನ್ನು ಕೆಲಸದಿಂದ ಬಿಡಿಸತಕ್ಕದ್ದು."

ಸುಜಾತಾ ಆ ಸಾಲನ್ನು ಓದಿ, ಕುರ್ಚಿಗೆ ಬೆನ್ನು ಕೊಟ್ಟು ಕೂತಳು. ಆ ಸಾಲಿನ ಬೀಜ ಅವಳದೇ.

ಆಗಸ್ಟಿನಲ್ಲಿ ಮಸರಕಲ್ಲಿನ ಯಂತ್ರ ದಿನವೂ ಸಂಜೆ ಏಳರಿಂದ ಹತ್ತರ ತನಕ ಸುಮ್ಮನಿರುತ್ತಿತ್ತು. ಸಂಜೆ ಏಳು ಎಂದರೆ ಹಳ್ಳಿಯಲ್ಲಿ ಕರೆಂಟು ಹೋಗುವ ಹೊತ್ತು, ಮನೆಯಲ್ಲಿ ಬೆಳಕು ಬೇಕಾಗುವ ಹೊತ್ತು. ಕಾರಣ ಕೇಳಿ ಮೇಲಿನಿಂದ ಪತ್ರ ಬಂದಾಗ ಅವಳು ಅರ್ಧ ದಿನ ಕೂತು, ಒಂದೊಂದೇ ಪದ ತೂಗಿ, "ಮನುಷ್ಯರ ಕೈವಾಡವನ್ನು ಸಂಪೂರ್ಣವಾಗಿ ತಳ್ಳಿಹಾಕುವಂತಿಲ್ಲ" ಎಂದು ಬರೆದಿದ್ದಳು. ಯಾರ ಹೆಸರನ್ನೂ ಬರೆದಿರಲಿಲ್ಲ. ಯಾರ ಮನಸ್ಸೂ ನೋಯದ ಹಾಗೆ ಬರೆದೆನೆಂದು ಆ ದಿನ ಸಮಾಧಾನವೂ ಆಗಿತ್ತು. ಮೂರು ತಿಂಗಳಲ್ಲಿ ಆ ವಾಕ್ಯ ಮೂರು ಮೇಜು ದಾಟಿ, ಅದರ ನಾಜೂಕೆಲ್ಲ ಉದುರಿ, ಹುಲಿಗೆಪ್ಪನ ಹೆಸರು ಹೊತ್ತು ವಾಪಸು ಬಂದಿತ್ತು.

ಹುಲಿಗೆಪ್ಪನನ್ನು ಅವಳು ಬಲ್ಲಳು. ಯಂತ್ರ ನೆಡುವಾಗ ಅವನಿಗೆ ಇಪ್ಪತ್ತೈದು. ಗುಂಡಿ ತೋಡಿದವನು ಅವನೇ. ಊರಾಚೆಯ ಬಯಲಿಗೆ ಹತ್ತಿಕೊಂಡೇ ಅವನ ಮನೆ. ಹಾಗಾಗಿ ಮಳೆ ಬೀಳುವ ಕೊಳವೆಯಲ್ಲಿ ಎಲೆ, ಜೇಡರ ಬಲೆ ಸೇರದಂತೆ ನೋಡುವುದು, ಸೋಲಾರ್ ಗಾಜು ಒರೆಸುವುದು, ಆಡುಗಳನ್ನು ಓಡಿಸುವುದು, ಇದೆಲ್ಲ ಅವನ ಪಾಲಿಗೆ ಬಂತು. ತಿಂಗಳಿಗೆ ಸಿಗುವುದು ಅಷ್ಟಕ್ಕಷ್ಟೇ. ಆದರೂ ಮಳೆ ಬಂದ ದಿನ ತಪ್ಪದೆ ಅವನ ಫೋನು ಬರುತ್ತಿತ್ತು: "ಅಕ್ಕಾರ, ನಮ್ದು ಎಷ್ಟು ಬರೀತು? ನಾನು ಇಪ್ಪತ್ತು ಅಂದೀನಿ." ಅವನು ಅಂಗಳದಲ್ಲಿ ಇಟ್ಟ ಬೋಗುಣಿಯ ಅಂದಾಜಿಗೂ ಯಂತ್ರದ ಲೆಕ್ಕಕ್ಕೂ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಫರಕು ಬಿದ್ದದ್ದಿಲ್ಲ. ಸೆಪ್ಟೆಂಬರಿನಿಂದ ಆ ಫೋನು ನಿಂತಿತ್ತು. ಅವಳು ಅದನ್ನು ಗಮನಿಸಿಯೂ ಇದ್ದಳು, ಗಮನಿಸದಂತೆಯೂ ಇದ್ದಳು.

ಪತ್ರ ಬಂದ ದಿನ ಅವಳು ಊಟಕ್ಕೆ ಏಳಲಿಲ್ಲ. ಆಗಸ್ಟಿನಿಂದ ಈಚಿನ ಸಾಲುಗಳನ್ನೆಲ್ಲ ತೆಗೆದು, ಯಂತ್ರ ಸುಮ್ಮನಾದ ಹೊತ್ತನ್ನು ದಿನಕ್ಕೊಂದು ಚುಕ್ಕೆಯಂತೆ ಚೌಕುಳಿ ಹಾಳೆಯ ಮೇಲೆ ಇಟ್ಟಳು. ಆಗಸ್ಟಿನಲ್ಲಿ ಸಂಜೆ ಏಳು. ಸೆಪ್ಟೆಂಬರಿನಲ್ಲಿ ಐದು. ಅಕ್ಟೋಬರಿನಲ್ಲಿ ಮೂರು. ಈಗ ಮಧ್ಯಾಹ್ನ ಒಂದು. ಚುಕ್ಕೆಗಳನ್ನು ಕೂಡಿಸಿದರೆ ಸ್ಕೇಲಿಟ್ಟು ಎಳೆದಂಥ ಓರೆ ಗೆರೆ. ದಿನಕ್ಕೆ ನಾಲ್ಕು ನಿಮಿಷ ಮೊದಲು, ಪ್ರತಿದಿನ, ಒಂದು ದಿನವೂ ತಪ್ಪದೆ.

ಮನುಷ್ಯರು ಹಾಗೆ ಕದಿಯುವುದಿಲ್ಲ. ದೀಪಕ್ಕೆ ಬ್ಯಾಟರಿ ಬೇಕಾದವನು ಮಧ್ಯಾಹ್ನ ಒಂದಕ್ಕೆ ಅದನ್ನು ಕಳಚುವುದಿಲ್ಲ. ದಿನಕ್ಕೆ ನಾಲ್ಕು ನಿಮಿಷ ಮೊದಲಾಗುವುದು ನಕ್ಷತ್ರಗಳ ರೀತಿ. ರಾಯಚೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ ಸುಜಾತಾಳಿಗೆ ಅದು ತಿಳಿಯದ ವಿಷಯವಲ್ಲ. ಉಪಗ್ರಹವೂ ನಕ್ಷತ್ರಗಳ ಗಡಿಯಾರಕ್ಕೇ ನಡೆಯುವಂಥದ್ದು. ಭೂಮಿ ತಿರುಗಿದಷ್ಟೇ ವೇಗದಲ್ಲಿ ತಾನೂ ತಿರುಗುವುದರಿಂದ ಕೆಳಗಿನವರಿಗೆ ನಿಂತಲ್ಲೇ ನಿಂತಂತೆ ಕಾಣುತ್ತದೆ. ಆದರೆ ವಯಸ್ಸಾದ ಮೇಲೆ ಒಳಗಿನ ಇಂಧನ ಉಳಿಸಲು ಅದನ್ನು ಬಿಗಿಹಿಡಿಯುವುದನ್ನು ಬಿಡುತ್ತಾರೆ. ಆಗ ಅದು ನಿಂತಲ್ಲೇ ದಿನಕ್ಕೊಮ್ಮೆ ಉತ್ತರಕ್ಕೂ ದಕ್ಷಿಣಕ್ಕೂ ತಲೆದೂಗತೊಡಗುತ್ತದೆ. ಅದು ದಕ್ಷಿಣಕ್ಕೆ ವಾಲಿದ ಮೂರು ತಾಸು ಮಸರಕಲ್ಲಿನ ದನಿ ಅದಕ್ಕೆ ಮುಟ್ಟುತ್ತಿಲ್ಲ.

ಹಾಗಾದರೆ ಉಳಿದ ಹತ್ತೊಂಬತ್ತರ ದನಿ ಹೇಗೆ ಮುಟ್ಟುತ್ತಿದೆ? ಮಸರಕಲ್ಲಿನದು ಮಾತ್ರ ಯಾಕೆ ಇಲ್ಲ?

ಮರುದಿನ ರಜೆ ಹಾಕಿ, ಬೆಳಿಗ್ಗೆಯೇ ಮಾನ್ವಿಯ ಬಸ್ಸು ಹತ್ತಿದಳು. ಮಾನ್ವಿಯಲ್ಲಿ ಮಲಂಗಸಾಬ ಇದ್ದರು. ಇಪ್ಪತ್ತು ಯಂತ್ರಗಳನ್ನೂ ನೆಟ್ಟ ಹಿರಿಯ ಮೆಕ್ಯಾನಿಕ್. ನಿವೃತ್ತರಾಗಿ ಹನ್ನೆರಡು ವರ್ಷವಾಗಿತ್ತು. ಅವರ ಕೈಯ ದಿನಚರಿ ಪುಸ್ತಕ ಇನ್ನೂ ಅವರ ಹತ್ತಿರವೇ ಇರುತ್ತದೆಂದು ಅವಳಿಗೆ ಗೊತ್ತಿತ್ತು. ಅವರು ಏನನ್ನೂ ಎಸೆಯುವವರಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವಳಿಗೆ ಆ ಚಳಿಗಾಲ ನೆನಪಾಯಿತು. ಕಚೇರಿಯ ಹಳೆಯ ಜೀಪು, ಹಿಂದೆ ಕಂಬಗಳು, ಸಿಮೆಂಟಿನ ಚೀಲ, ಮೀನಿನ ಮುಳ್ಳಿನಂಥ ಆಂಟೆನಾಗಳು. ಮುಂದೆ ಮಲಂಗಸಾಬ, ಪಕ್ಕದಲ್ಲಿ ಅವಳು, ಮಡಿಲಲ್ಲಿ ದಿಕ್ಸೂಚಿಯ ಪೆಟ್ಟಿಗೆ. ಹಿರೇಕೊಟ್ನೆಕಲ್ಲಿನಲ್ಲಿ ಬಾವಿಯ ಕಟ್ಟೆಯ ಮೇಲೆ ಕೂತು ರೊಟ್ಟಿ ತಿಂದದ್ದು, ನೀರಮಾನ್ವಿಯ ಹತ್ತಿರ ಜೀಪು ಕೆಟ್ಟು ಗುಡಿಗೆ ಹೊರಟಿದ್ದ ಜೋಗಮ್ಮಂದಿರೇ ತಳ್ಳಿಕೊಟ್ಟದ್ದು. ಪ್ರತಿ ಊರಲ್ಲೂ ಜನ ಕೇಳುತ್ತಿದ್ದುದು ಒಂದೇ: "ಇದು ಟೀವಿ ಏನ್ರಿ?" ಮಲಂಗಸಾಬರು ಆಕಾಶ ತೋರಿಸಿ, "ಅಲ್ಲೊಬ್ಬ ಸಾಹೇಬ ಅದಾನ. ನಿಮ್ಮೂರಾಗ ಮಳಿ ಬಂದ್ರ ಇದು ಅವಗ ಹೇಳ್ತದ" ಎನ್ನುವರು. "ಅವ ಮಳಿ ಕೊಡ್ತಾನ?" ಎಂದು ಯಾರಾದರೂ ಕೇಳಿದರೆ, "ಇಲ್ಲಪ, ಬರೇ ಬರಕೋತಾನ. ಸರಕಾರಿ ನೌಕರಿ" ಎನ್ನುವರು. ದಿನಾ ಅದೇ ಮಾತು, ದಿನಾ ಹೊಸದಾಗಿ ನಗು.

ಮಲಂಗಸಾಬರು ಪುಸ್ತಕವನ್ನು ಹಳೆಯ ಟ್ರಂಕಿನಿಂದ ತೆಗೆದು, ಧೂಳು ಊದಿ, ಅವಳ ಮುಂದಿಟ್ಟರು. ಪ್ರತಿ ಊರಿನ ಹೆಸರಿನ ಮುಂದೆ ಆಂಟೆನಾ ತಿರುಗಿಸಿದ ದಿಕ್ಕಿನ ಅಂಕಿ ಎರಡೆರಡು ಸಲ. ಒಂದು ಅವರ ಕೈಬರಹ, ಒಂದು ಅವಳದು. ಅದು ಅವರೇ ಮಾಡಿದ ಕಾಯಿದೆ: ಇಬ್ಬರೂ ಬೇರೆಬೇರೆಯಾಗಿ ದಿಕ್ಸೂಚಿ ನೋಡಬೇಕು, ಎರಡು ಅಂಕಿ ಕೂಡಿದರೆ ಮಾತ್ರ ಬೋಲ್ಟು ಬಿಗಿಯಬೇಕು. ಮಸರಕಲ್ಲಿನ ಮುಂದೆ ಮಾತ್ರ ಒಂದೇ ಅಂಕಿ ಇತ್ತು. ಅವಳದು.

"ಚಾಚಾ, ಇಲ್ಲಿ ನೀವ್ಯಾಕ ಬರದಿಲ್ಲ?"

ಮಲಂಗಸಾಬರು ಕನ್ನಡಕ ಏರಿಸಿ ನೋಡಿದರು. "ಅವತ್ತ ಸಿಮೆಂಟ್ ಹಸಿ ಇತ್ತು ಬೇಟಿ. ನಾ ಕಂಬ ಅಪ್ಪಿಕೊಂಡು ನಿಂತಿದ್ದೆ. ಬಿಟ್ರ ಬೀಳ್ತಿತ್ತು. ಸುಜಾತಾ ನೋಡ್ಯಾಳ ಅಂದ್ರ ಸಾಕು ಅಂದೆ. ನೀ ತಪ್ಪು ಓದಾಕಿ ಅಲ್ಲ."

ಆ ಕೊನೆಯ ಮಾತು ಅವಳಿಗೆ ಚುಚ್ಚಿತು.

"ನಡೀರಿ, ಹೋಗಿ ನೋಡೋಣ" ಎಂದಳು.

"ನಾನೂ ಬರಬೇಕಾ? ಎಪ್ಪತ್ತೆರಡು ಆದ್ವು ನನಗ."

"ಕಾಯಿದೆ ನಿಮ್ದ ಅಲ್ರಿ, ಇಬ್ಬರು ನೋಡಬೇಕು ಅಂತ."

ಸಿರವಾರದಲ್ಲಿ ಬಸ್ಸು ಬದಲಿಸಿ, ಮಸರಕಲ್ಲಿನಲ್ಲಿ ಇಳಿದಾಗ ಹನ್ನೆರಡೂವರೆ. ರಸ್ತೆಯ ಎರಡೂ ಬದಿ ಹತ್ತಿ ಒಡೆದು ಬೆಳ್ಳಗಾಗಿತ್ತು. ಬಿಡಿಸುವ ಕೆಲಸಕ್ಕೆ ಊರೆಲ್ಲ ಹೊಲಕ್ಕೆ ಹೋಗಿತ್ತು. ಹುಲಿಗೆಪ್ಪ ಮಾತ್ರ ಯಂತ್ರದ ಬೇಲಿಯ ಬಳಿ ಕಾಯುತ್ತಿದ್ದ. ಬೆಳಿಗ್ಗೆ ಅವಳೇ ಫೋನು ಮಾಡಿದ್ದಳು. ನಲವತ್ತು ದಾಟಿದವನ ಕಿವಿಯ ಪಕ್ಕದ ಕೂದಲು ನರೆತಿತ್ತು. ಮಲಂಗಸಾಬರನ್ನು ಕಂಡು ಕೈ ಮುಗಿದ. ಅವಳತ್ತ ಸುಮ್ಮನೆ ತಲೆಯಾಡಿಸಿದ.

"ಮೊದಲ ಇದನ್ನ ನೋಡ್ರಿ" ಎಂದು ಬ್ಯಾಟರಿಯ ಪೆಟ್ಟಿಗೆ ತೋರಿಸಿದ. ವರ್ಷದ ಆರಂಭದಲ್ಲಿ ಕಚೇರಿಯವರು ಕಟ್ಟಿದ ತಂತಿ, ಸೀಸದ ಮೊಹರು, ಹಾಗೆಯೇ ಇತ್ತು. "ಎರಡು ತಿಂಗಳಾತು, ಊರಾಗ ನನಗ ಬ್ಯಾಟ್ರಿ ಹುಲಿಗೆಪ್ಪ ಅಂತ ಕರ್ಯಾಕತ್ತಾರ. ಪಂಚಾಯ್ತಿಗೆ ಕಾಗದ ಬಂದಿತ್ತಂತ. ಬಸ್ಟ್ಯಾಂಡ್ ಮುಂದಿನ ತಿರುಪತಿ ಹೋಟೆಲ್ನಾಗ ಚಾ ಕುಡ್ಯಾಕ ಕುಂತ್ರ, ಆ ತಿರುಪತಿ 'ಏ ಬ್ಯಾಟ್ರಿ, ನಿನ್ನ ಬಾಯಿಗೆ ವೈರ್ ಹಚ್ಚಲೇನು' ಅಂತಾನ. ನಾ ಹೋಗದ ಬಿಟ್ಟೀನಿ. ಒಬ್ಬರರ ಬಂದು ಈ ಸೀಲ್ ನೋಡಿದ್ರಿ?"

ಸುಜಾತಾ ಮೊಹರನ್ನು ಕೈಯಿಂದ ಮುಟ್ಟಿ ನೋಡಿದಳು. ಚೀಲದಿಂದ ದಿಕ್ಸೂಚಿ ತೆಗೆದಳು.

"ಮೊಬೈಲ್, ಚಾವಿ, ಗಡಿಯಾರ ಎಲ್ಲ ಅಲ್ಲಿಡು" ಎಂದು ಮಲಂಗಸಾಬರು ಹಳೆಯ ಗತ್ತಿನಲ್ಲಿ ಹೇಳಿದರು. ಅವಳು ಎಲ್ಲವನ್ನೂ ಹುಲಿಗೆಪ್ಪನ ಟವೆಲ್ಲಿನ ಮೇಲಿಟ್ಟು, ಕಂಬದ ಹಿಂದೆ ನಿಂತು, ಆಂಟೆನಾದ ನೇರಕ್ಕೆ ಅಂಕಿ ಓದಿದಳು. ನೂರಾಹನ್ನೆರಡು. ಇರಬೇಕಾದದ್ದು ನೂರಾಮೂವತ್ನಾಲ್ಕು. ಕಣ್ಣುಜ್ಜಿ ಮತ್ತೆ ಓದಿದಳು. ನೂರಾಹನ್ನೆರಡೇ. ಮಲಂಗಸಾಬರಿಗೆ ಕೊಟ್ಟಳು. ಅವರು ಬಹಳ ಹೊತ್ತು ನೋಡಿ, "ಇಪ್ಪತ್ತೆರಡು ಡಿಗ್ರಿ ಮೂಡಲಕ್ಕ ಹೋಗ್ಯಾದ" ಎಂದರು.

"ಯಾರರ ತಿರುಗಿಸ್ಯಾರೇನು?" ಎಂದಳು ಸುಜಾತಾ. ಕೇಳಿದ ಕೂಡಲೇ ಹುಲಿಗೆಪ್ಪನ ಮುಖ ನೋಡಿ, ಕೇಳಬಾರದಿತ್ತು ಅನ್ನಿಸಿತು.

ಮಲಂಗಸಾಬರು ಹುಲಿಗೆಪ್ಪನ ಏಣಿ ಹತ್ತಿ ಬೋಲ್ಟು ನೋಡಿದರು. ಅವರೇ ಅಂದು ಬಳಿದ ಬೆಳ್ಳಿ ಬಣ್ಣ ಬೋಲ್ಟಿನ ತಲೆಯ ಮೇಲೆ ಬಿರುಕಿಲ್ಲದೆ ಕೂತಿತ್ತು. ನೂಲುಗುಂಡು ಇಳಿಬಿಟ್ಟು ನೋಡಿದರು. ಕಂಬ ನೆಟ್ಟಗಿತ್ತು. "ಇದನ್ನ ಯಾರೂ ಮುಟ್ಟಿಲ್ಲ ಬೇಟಿ. ಹುಟ್ಟಿದಾಗಿಂದ ಹಿಂಗ ಅದ."

ಬಯಲಿನಲ್ಲಿ ಗಾಳಿ ಇರಲಿಲ್ಲ. ಸುಜಾತಾ ನಿಧಾನವಾಗಿ ಲೆಕ್ಕ ಕೂಡಿಸಿದಳು. ಆಗ ಉಪಗ್ರಹ ಹರೆಯದ್ದು, ಒಂದಿಂಚೂ ಅಲುಗದೆ ನಿಂತಿರುತ್ತಿತ್ತು. ಓರೆಗಣ್ಣಿನಿಂದ ನೋಡಿದ ಆಂಟೆನಾಕ್ಕೂ ಅಂಚಿನಲ್ಲಿ ಸಿಗುತ್ತಿತ್ತು. ಹದಿನೇಳು ವರ್ಷ ಯಾರಿಗೂ ತಿಳಿಯದಂತೆ ನಡೆಯಿತು. ಈಗ ಅದು ದಕ್ಷಿಣಕ್ಕೆ ತಲೆದೂಗಿದಾಗ ಆ ಅಂಚೂ ತಪ್ಪಿಹೋಗುತ್ತಿದೆ. ಉಳಿದ ಹತ್ತೊಂಬತ್ತು ನೆಟ್ಟಗೆ ನೋಡುತ್ತಿರುವುದರಿಂದ ಅವಕ್ಕೆ ತೊಂದರೆಯಿಲ್ಲ. ಎಲ್ಲ ಸರಿ. ಆದರೆ ಹತ್ತೊಂಬತ್ತು ಕಡೆ ಸರಿಯಾಗಿ ಓದಿದ ಕಣ್ಣು ಇಲ್ಲೊಂದು ಕಡೆ ಇಪ್ಪತ್ತೆರಡು ಡಿಗ್ರಿ ಹೇಗೆ ತಪ್ಪಿತು?

ಅಷ್ಟರಲ್ಲಿ ಹುಲಿಗೆಪ್ಪನ ತಾಯಿ ಅಮರಮ್ಮ ಕೋಲೂರಿಕೊಂಡು ಬಂದಳು. ಎಂಬತ್ತರ ಹತ್ತಿರದವಳು. ಬೆನ್ನು ಬಾಗಿತ್ತು, ಕಣ್ಣು ಚುರುಕಾಗಿದ್ದವು. ಸುಜಾತಾಳ ಗದ್ದ ಹಿಡಿದು ಮುಖ ಎತ್ತಿ ನೋಡಿದಳು.

"ಮಿಷಿನ್ ಹುಗ್ಯಾಕ ಬಂದಿದ್ದ ಬಸರಿ ಹುಡಗಿ ಅಲ್ಲೇನ ನೀ?"

"ಹೌದ್ರಿ ಯವ್ವಾ, ನಾನ."

"ಏನಾತು ಆಗ? ಹೆಣ್ಣೋ ಗಂಡೋ?"

"ಹೆಣ್ಣು. ಸಂಘಮಿತ್ರಾ ಅಂತ. ಈಗ ಪಿಯೂಸಿ ಓದಾಕತ್ತಾಳ."

"ಬಾಳ್ಲಿ. ಸುಸೂತ್ರ ಹೆತ್ತೆಲ್ಲ? ನಾ ಲಾಳ ಸಿಗಿಸಿದ್ದು ಸುಳ್ಳಾಗಲಿಲ್ಲ ನೋಡು. ಹೆತ್ತ ಮ್ಯಾಲ ಅದನ್ನ ಹೊಳಿಗೆ ಬಿಟ್ಟಿ ಇಲ್ಲ?"

ಸುಜಾತಾಳ ಕೈ ತಾನಾಗಿಯೇ ಸೊಂಟದ ಎಡಬದಿಗೆ ಹೋಯಿತು. ಅಲ್ಲೀಗ ಏನೂ ಇರಲಿಲ್ಲ.

ಎಲ್ಲ ಒಮ್ಮೆಗೇ ಎದ್ದುಬಂತು. ಅವತ್ತೂ ಹೀಗೇ ಮಟಮಟ ಮಧ್ಯಾಹ್ನ. ಅವಳಿಗೆ ಐದು ತಿಂಗಳು. ಅದಕ್ಕೆ ಮೊದಲು ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು, ಎರಡೂ ಐದನೆಯ ತಿಂಗಳಲ್ಲೇ. ಬೇಡವೆಂದರೂ ಕೆಲಸಕ್ಕೆ ಬಂದಿದ್ದಳು, ಮನೆಯಲ್ಲಿ ಕೂತರೆ ಭಯ ಇನ್ನೂ ಹೆಚ್ಚೆಂದು. ಈ ಬಯಲಿನಲ್ಲಿ ನಿಂತವಳನ್ನು ಕಂಡು ಅಮರಮ್ಮ ಓಡಿ ಬಂದಿದ್ದಳು. "ಬಸರಿ ಹೆಂಗಸು ಇಂಥಾ ಹೊತ್ತಿನಾಗ ಬಯಲಾಗ ಬರಿಮೈಲೆ ನಿಂದರತಾರೇನ? ಕಬ್ಬಿಣ ಇರಬೇಕು ಮೈಮ್ಯಾಲ" ಎಂದು ಬೈದು, ಮನೆಗೆ ಹೋಗಿ, ಎತ್ತಿನ ಕಾಲಿನಿಂದ ಬಿದ್ದ ಒಂದು ಲಾಳ ತಂದು, ತೊಳೆದು, ಅರಿಸಿನ ಹಚ್ಚಿ, ತಾನೇ ಅವಳ ಸೀರೆಯ ನೆರಿಗೆಯ ಬದಿಗೆ ಸಿಗಿಸಿದ್ದಳು.

ಸುಜಾತಾಳ ತಂದೆ ವೆಂಕೋಬ ಮಾನ್ವಿಯಲ್ಲಿ ಹಮಾಲಿ ಮಾಡಿ ಮಗಳನ್ನು ಓದಿಸಿದವರು. ಮನೆಯಲ್ಲಿ ಬುದ್ಧನ ಪಟ ಬಿಟ್ಟರೆ ಬೇರೆ ಪಟವಿರಲಿಲ್ಲ. ಕೂಡುದಾರಿಯಲ್ಲಿ ಯಾರೋ ದೃಷ್ಟಿ ಇಳಿದೆಗೆದು ಇಟ್ಟ ಲಿಂಬೆಹಣ್ಣು ಕಂಡರೆ ಮಗಳ ಕೈ ಹಿಡಿದು ಅದರ ಮೇಲೆಯೇ ದಾಟಿಸಿಕೊಂಡು ಹೋಗುವರು. ಆ ತಂದೆಯ ಮಗಳು ಲಾಳವನ್ನು ತೆಗೆದಿಡಬೇಕಿತ್ತು. ದಿಕ್ಸೂಚಿಯ ಹತ್ತಿರ ಕಬ್ಬಿಣ ಇರಬಾರದೆಂಬುದು ಎಂಟನೆಯ ಇಯತ್ತೆಯ ಪಾಠ. ಅವಳು ತೆಗೆಯಲಿಲ್ಲ. ತೆಗೆಯಲು ಸೊಂಟಕ್ಕೆ ಕೈ ಹಾಕಿದ್ದಳು ಕೂಡ. ಹೊಟ್ಟೆಯೊಳಗೆ ಆಗಲೇ ಒಂದು ಸಣ್ಣ ಮಿಸುಕಾಟ. ಮೊದಲ ಸಲ. ಕೈ ಅಲ್ಲೇ ನಿಂತಿತು.

ಇನ್ನೊಂದು ಮಾತೂ ಇತ್ತು. ಆ ದಿನಗಳಲ್ಲಿ ಊರೂರು ತಿರುಗುವಾಗ ಯಾವೂರು, ಯಾರ ಪೈಕಿ, ಅಪ್ಪ ಏನು ಮಾಡುತ್ತಾನೆ ಎಂದೆಲ್ಲ ಕೇಳಿ, ಉತ್ತರಕ್ಕೆ ತಕ್ಕ ಲೋಟದಲ್ಲಿ ನೀರು ಕೊಡುವವರಿದ್ದರು. ಅಮರಮ್ಮ ಏನನ್ನೂ ಕೇಳಿರಲಿಲ್ಲ. ತಾಯಿಯಂತೆ ಬೈದು, ಸೊಂಟ ಮುಟ್ಟಿ ಸಿಗಿಸಿದ್ದಳು. ಆ ಬೆರಳುಗಳ ಬಿಸಿ ಇರುವಾಗ ಅದನ್ನು ಕಿತ್ತು ನೆಲಕ್ಕಿಡುವುದು ಹೇಗೆ? ಇಷ್ಟು ಸಣ್ಣ ಕಬ್ಬಿಣ ಏನು ಮಾಡೀತು ಎಂದುಕೊಂಡು, ದಿಕ್ಸೂಚಿಯನ್ನು ಹೊಟ್ಟೆಯ ನೇರಕ್ಕೆ ಹಿಡಿದು, ನೂರಾಮೂವತ್ನಾಲ್ಕು ಎಂದು ಕೂಗಿದ್ದಳು. ಮಲಂಗಸಾಬರು ಬೋಲ್ಟು ಬಿಗಿದಿದ್ದರು.

"ಹೊಳಿಗೆ ಬಿಟ್ಟಿಲ್ರಿ ಯವ್ವಾ" ಎಂದಳು ಸುಜಾತಾ. "ಮನ್ಯಾಗ ಅದ." ಮಲಂಗಸಾಬರ ಕಡೆ ತಿರುಗಿದಳು. "ಚಾಚಾ, ಅವತ್ತ ನನ್ನ ಮೈಮ್ಯಾಲ ಕಬ್ಬಿಣ ಇತ್ತು."

ಮಲಂಗಸಾಬರು ಏಣಿಯ ಮೇಲಿಂದ ಅವಳನ್ನು ನೋಡಿದರು. ಬೈಯುತ್ತಾರೆಂದುಕೊಂಡಳು. "ಕಂಬ ಅಪ್ಪಿಕೊಂಡು ನಿಂತಾಗ ನಿನ್ನ ಹೊಟ್ಟಿ ಕಂಡಿದ್ದೆ, ಲಾಳ ಕಂಡಿರಲಿಲ್ಲ" ಎಂದರು. "ಬೋಲ್ಟಿನ ಪಾನಾ ಕೊಡು ಇಲ್ಲಿ."

ಬೋಲ್ಟು ಸಡಿಲಿಸಲು ಅರ್ಧ ತಾಸು ಹಿಡಿಯಿತು. ಇಬ್ಬರೂ ನೋಡಿ, ಎರಡು ಅಂಕಿಯೂ ಕೂಡಿದ ಮೇಲೆ ಬಿಗಿದರು. ಎರಡು ಗಂಟೆಗೆ ಅವಳ ಮೊಬೈಲಿನ ಪರದೆಯಲ್ಲಿ ಮಸರಕಲ್ಲಿನ ಸಾಲು ಬಂತು. ಮಳೆ ಸೊನ್ನೆ, ಉಷ್ಣಾಂಶ ಮೂವತ್ತೆರಡು. ನಾಲ್ಕು ತಿಂಗಳಲ್ಲಿ, ಯಂತ್ರ ಸುಮ್ಮನಿರುವ ಮೂರು ತಾಸಿನೊಳಗೆ ಬಂದ ಮೊದಲ ಸಾಲು ಅದು.

ಅವಳು ಬೇಲಿಯ ಹೊರಗೆ ಹೋಗಿ ಕಚೇರಿಯ ಸಾಹೇಬರಿಗೆ ಫೋನು ಮಾಡಿದಳು. ಅವರಿಗೆ ಖುಷಿಯಾಯಿತು. "ಕಂಬ ವಾಲಿತ್ತು, ಸರಿಪಡಿಸಿದೆವು ಅಂತ ಎರಡು ಸಾಲು ಬರೆದುಬಿಡಿ ಮೇಡಂ. ಕೇಂದ್ರ ಉಳಿಯುತ್ತೆ."

"ಮತ್ತೆ ಹುಲಿಗೆಪ್ಪ, ಸರ್?"

"ಅವನ ಜಾಗಕ್ಕೆ ಬೇರೆಯವರನ್ನ ಹೇಳಿಯಾಗಿದೆಯಲ್ಲ. ಕಂಬ ವಾಲಿದ್ದನ್ನೂ ನೋಡಿಲ್ಲ ಅಂದ್ರೆ ಅವನು ನೋಡಿಕೊಂಡಿದ್ದೇನು?"

ಎಷ್ಟು ಸುಲಭದ ದಾರಿ! ಕಂಬ ವಾಲಿತ್ತು. ಎರಡೇ ಪದ, ಯಾರ ಹೆಸರೂ ಇಲ್ಲ. ಅಂಥ ವಾಕ್ಯಗಳನ್ನು ಬರೆಯುವುದರಲ್ಲಿ ಅವಳ ಕೈ ಪಳಗಿತ್ತು. ಒಂದು ಕ್ಷಣ ಆ ವಾಕ್ಯ ತಲೆಯಲ್ಲಿ ಪೂರ್ತಿ ತಯಾರಾಗಿಯೂ ನಿಂತಿತು.

"ಕಂಬ ವಾಲಿಲ್ಲ, ಸರ್" ಎಂದಳು. "ದಿಕ್ಕು ನಾನು ತಪ್ಪು ಓದಿದ್ದೆ, ಹದಿನೇಳು ವರ್ಷದ ಹಿಂದೆ. ಹಾಗೇ ಬರೆದು ಕಳಿಸ್ತೀನಿ. ಹುಲಿಗೆಪ್ಪನ ಮೇಲಿನ ಮಾತನ್ನ ವಾಪಸ್ ತಗೋಬೇಕು ಅಂತಲೂ ಬರೀತೀನಿ."

"ನಿಮ್ಮ ಸರ್ವೀಸ್ ಪುಸ್ತಕಕ್ಕೆ ಬೀಳುತ್ತೆ, ಯೋಚನೆ ಮಾಡಿ" ಎಂದು ಸಾಹೇಬರು ಫೋನಿಟ್ಟರು.

ತಿರುಗಿ ನೋಡಿದರೆ ಹುಲಿಗೆಪ್ಪ ಬೇಲಿಯ ಒಳಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದ.

"ನನ್ನ ಮ್ಯಾಲಿನ ಮಾತು ಅಂದ್ರಿ. ಅದನ್ನ ಬರದವ್ರು ಯಾರ್ರಿ ಅಕ್ಕಾರ?"

ಈ ಪ್ರಶ್ನೆಗೆ ಅವಳು ಬಸ್ಸಿನಲ್ಲೂ ಹೆದರಿದ್ದಳು. "ಹೆಸರು ಬರದಿರಲಿಲ್ಲ ಹುಲಿಗೆಪ್ಪಾ. ಮನುಷ್ಯರ ಕೈವಾಡ ಇರಬಹುದು ಅಂತ ಬರದಿದ್ದೆ. ನಾನ."

"ಇಲ್ಲಿ ಬ್ಯಾರೆ ಯಾವ ಮನಷ್ಯಾ ಅದಾನ್ರಿ? ಆಡು ಅದಾವ, ನಾನು ಅದೀನಿ."

ಅವನು ಕೂಗಾಡಲಿಲ್ಲ. ಟವೆಲ್ಲಿನ ಮೇಲಿದ್ದ ಅವಳ ಚಾವಿ, ಗಡಿಯಾರ ಎತ್ತಿ ಅವಳ ಕೈಗೆ ಕೊಟ್ಟು, ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡ. ಅಮರಮ್ಮ, "ಆಕಿ ಮ್ಯಾಲ ಯಾಕೋ ಸಿಟ್ಟು? ತಪ್ಪು ನಂದು, ಲಾಳ ಸಿಗಿಸಿದಾಕಿ ನಾನು" ಎಂದು ನಡುವೆ ಬಂದಳು. "ನೀ ಸುಮ್ಮನಿರಬೇ ಯವ್ವಾ. ನೀ ಸಿಗಿಸಿದ್ದು ಕೂಸಿನ ಸಲುವಾಗಿ" ಎಂದ.

ಆಮೇಲೆ ಸುಜಾತಾಳಿಗೆ ಹೇಳಿದ: "ನೀವು ಕಾಗದ ಬರೀತೀರಿ, ಖರೆ. ಆ ಕಾಗದ ರಾಯಚೂರಿಗೆ ಹೋಗ್ತದ, ಬೆಂಗಳೂರಿಗೆ ಹೋಗ್ತದ. ತಿರುಪತಿ ಹೋಟೆಲ್ಲಿಗೆ ಬರೋದಿಲ್ರಿ. ನನ್ನ ಹೆಸರು ಹೋಗಿದ್ದು ಅಲ್ಲಿ."

ಅವಳಿಗೆ ಅರ್ಥವಾಯಿತು. ನಾಲ್ಕು ಜನರ ಮುಂದೆ ಮಾತಾಡುವುದೆಂದರೆ ಅವಳಿಗೆ ಕಾಲೇಜಿನ ದಿನದಿಂದಲೂ ಆಗದು. ಬರೆದದ್ದನ್ನು ಅಳಿಸಬಹುದು, ಆಡಿದ್ದನ್ನು ಅಳಿಸಲಾಗದು.

"ನಡಿ" ಎಂದಳು.

ಬಸ್ ನಿಲ್ದಾಣದ ಎದುರಿನ ಹೋಟೆಲ್ಲಿನಲ್ಲಿ ಏಳೆಂಟು ಜನ ಇದ್ದರು. ಹತ್ತಿಯ ಚೀಲ ಲಾರಿಗೆ ಹೇರಿ ಬಂದವರು. ಒಲೆಯ ಮುಂದಿದ್ದ ತಿರುಪತಿ ಹುಲಿಗೆಪ್ಪನನ್ನು ಕಂಡು, "ಬಾರಲೇ ಬ್ಯಾಟ್ರಿ, ಚಾರ್ಜ್ ಇಳಿತೇನು?" ಎಂದ. ಎರಡು ಬೆಂಚಿನವರೂ ನಕ್ಕರು. ಹುಲಿಗೆಪ್ಪ ಖಾಲಿ ಬೆಂಚಿನ ತುದಿಯಲ್ಲಿ ಹೋಗಿ ಕೂತ. ಮಲಂಗಸಾಬರು ಬಾಗಿಲಲ್ಲಿ ನಿಂತರು.

ಸುಜಾತಾ ನಡುವೆ ನಿಂತು, ಚೀಲವನ್ನು ಎದೆಗೆ ಒತ್ತಿಕೊಂಡು ಶುರು ಮಾಡಿದಳು. ರಾಯಚೂರಿನ ಕಚೇರಿಯವಳು ತಾನು ಎಂದಳು. ಭೂಮಿಯಿಂದ ಮೂವತ್ತಾರು ಸಾವಿರ ಕಿಲೋಮೀಟರ್ ಮೇಲೆ ಒಂದು ಉಪಗ್ರಹ ಇದೆ, ಅದಕ್ಕೆ ವಯಸ್ಸಾಗಿ ತಲೆದೂಗುತ್ತಿದೆ, ಆಂಟೆನಾ ಮೊದಲಿನಿಂದಲೂ ಇಪ್ಪತ್ತೆರಡು ಡಿಗ್ರಿ ಪೂರ್ವಕ್ಕೆ ಇದ್ದ ಕಾರಣ ದಕ್ಷಿಣಕ್ಕೆ ಹೋದಾಗ ಸಂಪರ್ಕ ತಪ್ಪುತ್ತಿತ್ತು, ಅದಕ್ಕೂ ಬ್ಯಾಟರಿಗೂ ಯಾವ ಸಂಬಂಧವೂ ಕಂಡುಬಂದಿಲ್ಲ, ಹಿಂದಿನ ವರದಿಯಲ್ಲಿ ವ್ಯಕ್ತಪಡಿಸಲಾದ ಅನುಮಾನ ಆಧಾರವಿಲ್ಲದ್ದು ಎಂದು ಮನಗಾಣಲಾಗಿದೆ...

ಯಾರಿಗೂ ಏನೂ ತಿಳಿಯಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು.

"ಅಂದ್ರ ಉಪಗ್ರಹನ ಬ್ಯಾಟ್ರಿ ಒಯ್ತೇನ್ರಿ?" ಎಂದ ತಿರುಪತಿ. ಮತ್ತೆ ನಗು.

ಮೂಲೆಯಲ್ಲಿ ಗಡಿಗೆಪ್ಪನೆಂಬ ಮುದುಕ ಕಿವಿಗೆ ಕೈ ಹಿಡಿದು, "ಏನಂತದ ಆ ಹೆಣ್ಮಗಳು? ನನಗ ಕೇಳವಲ್ದು. ಜೋರು ಹೇಳವ್ವಾ" ಎಂದ.

ಸುಜಾತಾ ಹುಲಿಗೆಪ್ಪನತ್ತ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳು ಚೀಲವನ್ನು ಬೆಂಚಿನ ಮೇಲಿಟ್ಟಳು.

"ಮಿಷಿನ್ ಮಕಾ ಸೊಟ್ಟ ಮಾಡಿ ಕೂಡಿಸಿದಾಕಿ ನಾನು, ಯಪ್ಪಾ" ಎಂದಳು, ಹೊರಗೆ ನಿಂತ ಲಾರಿಯವರಿಗೂ ಕೇಳುವಷ್ಟು ಜೋರಾಗಿ. "ಹುಲಿಗೆಪ್ಪ ಬ್ಯಾಟ್ರಿ ಮುಟ್ಟಿಲ್ಲ. ಅವನ ಮ್ಯಾಲ ಸುಳ್ಳು ಬರದಾಕಿನೂ ನಾನ. ತಪ್ಪು ನಂದು."

ಒಲೆಯ ಮೇಲೆ ಚಹಾ ಉಕ್ಕಿತು. ತಿರುಪತಿ ಗಡಿಬಿಡಿಯಿಂದ ಪಾತ್ರೆ ಇಳಿಸಿದ.

"ಹಂಗ ಹೇಳಬೇಕಿಲ್ಲವ್ವಾ ಮೊದಲ" ಎಂದ ಗಡಿಗೆಪ್ಪ. "ಸುಮ್ನ ಆಕಾಶ ತಿರುಗಿಸಿದಿ."

ಈ ಸಲ ಎಲ್ಲರೂ ನಕ್ಕದ್ದು ಅವಳನ್ನು ನೋಡಿ. ಆ ನಗುವಿನ ನಡುವೆ ಅವಳು ನಿಂತೇ ಇದ್ದಳು. ಹುಲಿಗೆಪ್ಪ ನಗಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬೆಂಚಿನ ಮೇಲಿದ್ದ ಅವಳ ಚೀಲವನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ, ಅವಳು ಕೂರಲು ಜಾಗವಾಗುವ ಹಾಗೆ.